ಬೋರ್ಡಿಗೆ ಸಂಖ್ಯೆ ಕೊಡುವವರು ಯಾರು? – ಸೀರಿಯಲ್ ಪೋರ್ಟ್ ಪಾಠಕ್ಕೊಂದು ಪೂರಕ ಟಿಪ್ಪಣಿ

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಆರ್ಡುಯಿನೊ ಬೋರ್ಡ್ ಬಳಸಿ ಪಾಠ ಮಾಡಬೇಕಾಗಿ ಬರುತ್ತದೆ. ಪಾಠಯೋಜನೆಯಲ್ಲಿ ‘ಪೋರ್ಟ್ ಪಟ್ಟಿಯಲ್ಲಿ ಕಾಮ್3 ಆರಿಸಿ’ ಎಂದು ಬರೆದುಕೊಂಡಿದ್ದರೆ ಒಂದು ಕಂಪ್ಯೂಟರಿನಲ್ಲಿ ಅದು ಸರಿಹೋಗಬಹುದು. ಪಕ್ಕದ ಕಂಪ್ಯೂಟರಿನಲ್ಲಿ ಕಾಮ್5 ಇರುತ್ತದೆ, ಅದರಾಚೆಯದರಲ್ಲಿ ಕಾಮ್12. ‘ನಮ್ಮ ಬೋರ್ಡ್ ಕೆಟ್ಟಿದೆ ಸರ್’ ಎಂದು ಮಕ್ಕಳು ಕೈಯೆತ್ತುತ್ತಾರೆ. 40 ನಿಮಿಷದ ಅವಧಿ ಪ್ರಯೋಗ ಶುರುವಾಗುವ ಮೊದಲೇ ಕರಗುತ್ತದೆ.

ಬೋರ್ಡ್ ಕೆಟ್ಟಿಲ್ಲ. ಆ ಸಂಖ್ಯೆ ಬೋರ್ಡಿನೊಳಗೆ ಇರುವುದೇ ಇಲ್ಲ. ಅದು ಆಯಾ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಕೊಟ್ಟ ಸಂಖ್ಯೆ. ಇದನ್ನು ಮಕ್ಕಳಿಗೆ ಮನದಟ್ಟು ಮಾಡಿಸಿದರೆ ಮುಂದಿನ ಪಾಠಗಳೆಲ್ಲ ಸುಗಮ.

ಹಿಂದೆ ಹೇಗಿತ್ತು?

1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಲ್ಲಿ ಸೀರಿಯಲ್ ಪೋರ್ಟ್ ಎಂದರೆ ಕಂಪ್ಯೂಟರಿನ ಹಿಂಬದಿಯಲ್ಲಿ ಕಾಣುವ ಒಂದು ಕನೆಕ್ಟರ್. ಅದರ ವಿಳಾಸ ಯಂತ್ರಾಂಶದಲ್ಲೇ ನಿಗದಿಯಾಗಿರುತ್ತಿತ್ತು. ಕಾಮ್1ಕ್ಕೆ 3ಎಫ್8, ಕಾಮ್2ಕ್ಕೆ 2ಎಫ್8 ಎಂಬುದು ರೂಢಿ. 1996ರಲ್ಲಿ ಯುಎಸ್‌ಬಿ ಬಂದ ಮೇಲೆ ಸಾಧನಗಳನ್ನು ಬೇಕೆಂದಾಗ ಚುಚ್ಚಿ, ಬೇಡವೆಂದಾಗ ಕೀಳುವುದು ಸಾಧ್ಯವಾಯಿತು. ಆರ್ಡುಯಿನೊ ಬೋರ್ಡಿನಲ್ಲಿರುವ ಒಂದು ಚಿಪ್ ಯುಎಸ್‌ಬಿಯ ಮೂಲಕ ಸೀರಿಯಲ್ ಪೋರ್ಟಿನ ಕೆಲಸ ಮಾಡುತ್ತದೆ. ಹೀಗೆ ಬಂದುಹೋಗುವ ಸಾಧನಕ್ಕೆ ಸಂಖ್ಯೆ ಕೊಡುವ ಹೊಣೆ ಆಪರೇಟಿಂಗ್ ಸಿಸ್ಟಂ ಮೇಲೆ ಬಿತ್ತು.

ವಿಂಡೋಸ್: ಹಾಜರಿ ಪುಸ್ತಕದ ಕ್ರಮ

ಸಾಧನವನ್ನು ಚುಚ್ಚಿದಾಗ ಅದು ತನ್ನ ತಯಾರಕರ ಗುರುತು, ಉತ್ಪನ್ನದ ಗುರುತು ಎರಡನ್ನೂ ತಿಳಿಸುತ್ತದೆ. ಕೆಲವು ಸಾಧನಗಳಲ್ಲಿ ಇವುಗಳ ಜೊತೆಗೆ ತಮ್ಮದೇ ಆದ ಕ್ರಮಸಂಖ್ಯೆಯೂ ಇರುತ್ತದೆ. ವಿಂಡೋಸ್ ಈ ಗುರುತನ್ನು ನೋಡಿ, ಖಾಲಿ ಇರುವ ಒಂದು ಕಾಮ್ ಸಂಖ್ಯೆಯನ್ನು ಕೊಟ್ಟು ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ಸಾಧನವನ್ನು ಕಿತ್ತರೂ ಆ ಸಂಖ್ಯೆ ಅದರ ಹೆಸರಿನಲ್ಲೇ ಉಳಿಯುತ್ತದೆ. ವರ್ಷದ ಮಧ್ಯೆ ವರ್ಗಾವಣೆ ಪತ್ರ ಪಡೆದು ಹೋದ ವಿದ್ಯಾರ್ಥಿಯ ಹಾಜರಿ ಸಂಖ್ಯೆಯನ್ನು ನಾವು ಬೇರೆಯವರಿಗೆ ಕೊಡುವುದಿಲ್ಲವಲ್ಲ, ಹಾಗೆಯೇ. ಹಲವು ಬೋರ್ಡುಗಳನ್ನು ಕಂಡ ಹಳೆಯ ಕಂಪ್ಯೂಟರಿನಲ್ಲಿ ಸಂಖ್ಯೆ ಏರುತ್ತಾ ಹೋಗುವುದು ಇದರಿಂದಲೇ.

ಆರ್ಡುಯಿನೊ ಊನೊ ಆರ್3 ಮೂಲ ಬೋರ್ಡಿನಲ್ಲಿ ಸ್ವಂತ ಕ್ರಮಸಂಖ್ಯೆ ಇದೆ. ಅದೇ ಕಂಪ್ಯೂಟರಿನ ಯಾವ ಯುಎಸ್‌ಬಿ ಕಿಂಡಿಗೆ ಚುಚ್ಚಿದರೂ ಅದಕ್ಕೆ ಅದೇ ಕಾಮ್ ಸಂಖ್ಯೆ ಸಿಗುತ್ತದೆ. ಆದರೆ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಬಳಸುವ ಸಿಎಚ್340 ಚಿಪ್ಪಿನಲ್ಲಿ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುವುದಿಲ್ಲ. ಆಗ ವಿಂಡೋಸ್ ಅದು ಯಾವ ಕಿಂಡಿಯಲ್ಲಿದೆ ಎಂಬುದನ್ನೇ ಗುರುತಾಗಿ ಹಿಡಿಯುತ್ತದೆ. ಕಿಂಡಿ ಬದಲಿಸಿದರೆ ಸಂಖ್ಯೆ ಬದಲಾಗುತ್ತದೆ, ಹಳೆಯ ಕಿಂಡಿಗೆ ಮರಳಿದರೆ ಹಳೆಯ ಸಂಖ್ಯೆ ಮರಳುತ್ತದೆ. ಇಂಥ ಬೋರ್ಡುಗಳಿರುವ ಲ್ಯಾಬಿನಲ್ಲಿ ಸಂಖ್ಯೆಯ ಚೀಟಿಯನ್ನು ಬೋರ್ಡಿಗೆ ಅಂಟಿಸಿದರೆ ಪ್ರಯೋಜನವಿಲ್ಲ, ಕಿಂಡಿಯ ಪಕ್ಕ ಅಂಟಿಸಬೇಕು.

ಲಿನಕ್ಸ್: ಪ್ರಾರ್ಥನೆಯ ಸಾಲಿನ ಕ್ರಮ

ಲಿನಕ್ಸ್‌ನಲ್ಲಿ ಮೂಲ ಊನೊ ಬೋರ್ಡ್ ‘ಟಿಟಿವೈ ಎಸಿಎಂ 0’ ಎಂದೂ ಸಿಎಚ್340 ಇರುವ ಬೋರ್ಡ್ ‘ಟಿಟಿವೈ ಯುಎಸ್‌ಬಿ 0’ ಎಂದೂ ಕಾಣಿಸುತ್ತದೆ. ಇಲ್ಲಿ ಹಾಜರಿ ಪುಸ್ತಕವಿಲ್ಲ, ಮೊದಲು ಬಂದವರಿಗೆ ಮೊದಲ ಸ್ಥಾನ. ಒಂದೇ ಬಗೆಯ ಎರಡು ಬೋರ್ಡುಗಳನ್ನು ಕಿತ್ತು ಹಿಂದುಮುಂದಾಗಿ ಚುಚ್ಚಿದರೆ 0 ಇದ್ದದ್ದು 1 ಆಗಬಹುದು. ಸ್ಥಿರವಾದ ಹೆಸರು ಬೇಕಾದವರಿಗಾಗಿ ಸಾಧನದ ಗುರುತಿನಿಂದಲೂ ಕಿಂಡಿಯ ಸ್ಥಾನದಿಂದಲೂ ರಚಿಸಿದ ಬೇರೆ ಹೆಸರುಗಳನ್ನು ವ್ಯವಸ್ಥೆಯೇ ಒದಗಿಸುತ್ತದೆ.

ತರಗತಿ ಚಟುವಟಿಕೆ

1. ಬೋರ್ಡ್ ಚುಚ್ಚುವ ಮೊದಲು ಡಿವೈಸ್ ಮ್ಯಾನೇಜರ್ ತೆರೆದು, ಪೋರ್ಟುಗಳ ಪಟ್ಟಿ ಇದ್ದರೆ ಅದನ್ನು ಮಕ್ಕಳು ಬರೆದುಕೊಳ್ಳಲಿ.
2. ಬೋರ್ಡ್ ಚುಚ್ಚಿಸಿ. ಹೊಸದಾಗಿ ಬಂದ ಹೆಸರೇ ತಮ್ಮ ಬೋರ್ಡಿನದು ಎಂದು ಅವರೇ ಕಂಡುಕೊಳ್ಳಲಿ.
3. ಕಿಂಡಿ ಬದಲಿಸುವ ಮುನ್ನ ‘ಸಂಖ್ಯೆ ಬದಲಾಗುತ್ತದೆಯೇ?’ ಎಂದು ಕೇಳಿ, ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಆಮೇಲೆ ಪರೀಕ್ಷಿಸಿ.
4. ‘ವ್ಯೂ’ ಮೆನುವಿನಿಂದ ಮರೆಯಲ್ಲಿರುವ ಸಾಧನಗಳನ್ನು ತೋರಿಸಿ. ಮಸುಕಾಗಿ ಕಾಣುವವು ಈಗ ಜೋಡಣೆಯಲ್ಲಿಲ್ಲದ, ಆದರೆ ಸಂಖ್ಯೆ ಹಿಡಿದಿಟ್ಟುಕೊಂಡಿರುವ ಸಾಧನಗಳು.

ಹೊಸ ಹೆಸರು ಬರದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು. ಕೆಲವು ಕೇಬಲ್‌ಗಳಲ್ಲಿ ವಿದ್ಯುತ್ ತಂತಿಗಳಷ್ಟೇ ಇದ್ದು, ದತ್ತಾಂಶದ ತಂತಿಗಳು ಇರುವುದಿಲ್ಲ. ಬೋರ್ಡಿನ ದೀಪ ಉರಿದರೂ ಕಂಪ್ಯೂಟರಿಗೆ ಅದರ ಸುಳಿವು ಸಿಗುವುದಿಲ್ಲ. ಕೇಬಲ್ ಸರಿಯಿದ್ದರೆ ಚಾಲಕ ತಂತ್ರಾಂಶ ಸ್ಥಾಪನೆಯಾಗಿದೆಯೇ ನೋಡಬೇಕು.

ಪಾಠಯೋಜನೆಯಲ್ಲಿ ‘ಕಾಮ್3 ಆರಿಸಿ’ ಎಂಬ ಸಾಲಿನ ಬದಲು ‘ಬೋರ್ಡ್ ಚುಚ್ಚಿದಾಗ ಹೊಸದಾಗಿ ಬರುವ ಪೋರ್ಟನ್ನು ಆರಿಸಿ’ ಎಂದು ಬರೆಯೋಣ. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ‘ನಿನ್ನೆ ಕಾಮ್4 ಆಗಿದ್ದ ಬೋರ್ಡ್ ಇಂದು ಕಾಮ್7 ಆಗಿದೆ. ಇದಕ್ಕೆ ಇರಬಹುದಾದ ಎರಡು ಕಾರಣಗಳನ್ನು ತಿಳಿಸಿ.’ ಕಿಂಡಿ ಬದಲಾಗಿರಬಹುದು, ಕಂಪ್ಯೂಟರೇ ಬದಲಾಗಿರಬಹುದು ಎಂದು ಹೇಳಬಲ್ಲ ಮಗುವಿಗೆ ಪಾಠ ದಕ್ಕಿದೆ ಎಂದು ತಿಳಿಯಬಹುದು.