ದನವೋ, ಧನವೋ?
ಕಾವಲ್ ಎಂದರೆ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಇಂದು ಹೆಲಿಕಾಪ್ಟರುಗಳಿಗಾಗಿ ಪ್ರಸಿದ್ಧವಾಗಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆಯು ಅಲ್ಲಿ 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಆದರೆ ವಾಚಕರ ಗಮನವನ್ನು ಇಲ್ಲಿ ಸೆಳೆಯಬೇಕಾಗಿರುವುದು ಆ ಯಂತ್ರಗಳತ್ತ ಅಲ್ಲ, ಆ ಊರಿನ ಹೆಸರಿನತ್ತ. ತಮ್ಮ ಕಂಪ್ಯೂಟರಿನ ತೆರೆಯ ಮೇಲೆ ಆ ಎರಡು ಪದಗಳನ್ನು ಸಣ್ಣ ಅಕ್ಷರಗಳಲ್ಲಿ ಬರೆದು ನೋಡಬೇಕು.

ಬಕಾರದ ಅಡಿಯಲ್ಲಿ ಒಂದು ಕಿರಿಯ ಸೀಳು ಮೂಡಿದರೆ ಅದು ಭಕಾರ. ದಕಾರಕ್ಕೆ ಅದೇ ಸೀಳು ಬಂದರೆ ಧಕಾರ. ರಕಾರದ ಹೊಟ್ಟೆಯಲ್ಲಿ ಚುಕ್ಕೆ ಕುಳಿತರೆ ಠಕಾರ. ‘ಳ್ಳ’ದ ಒತ್ತಾದರೋ ಸಾಲಿನ ಕೆಳಗೆ ಕುಗ್ಗಿ ಕುಳಿತಿರುತ್ತದೆ. ಕಾವಲಿನಲ್ಲಿ ಮೇಯುವುದು ದನ, ಪೆಟ್ಟಿಗೆಯಲ್ಲಿ ಕೂಡಿಡುವುದು ಧನ. ಎರಡರ ನಡುವೆ ಇರುವುದು ಆ ಒಂದು ಸೀಳು ಮಾತ್ರ. ಪಹಣಿಯನ್ನು ತೆರೆಯ ಮೇಲೆ ಓದುವ ಹಿರಿಯರಿಗೂ, ಪಾಠವನ್ನು ತೆರೆಯ ಮೇಲೆಯೇ ಕಲಿಯುವ ಮಕ್ಕಳಿಗೂ ಅದು ಕಾಣದಿದ್ದರೆ ಗತಿಯೇನು?

ತೆರೆಯೆಂಬುದು ಅಸಂಖ್ಯಾತ ಚಿಕ್ಕ ಚೌಕಗಳ ಜಾಲ. ದುಂಡನೆಯ ಕನ್ನಡಾಕ್ಷರವನ್ನು ಚೌಕಗಳಿಂದ ಕಟ್ಟಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಂಚಿನ ಚೌಕಗಳಿಗೆ ಕಪ್ಪು ಬಿಳುಪುಗಳ ನಡುವಣ ಛಾಯೆಯನ್ನು ಕೊಟ್ಟು ಕಣ್ಣಿಗೆ ನಯವಾಗಿ ತೋರಿಸುವುದೇ ಅಕ್ಷರ ನುಣುಪುಗೊಳಿಸುವ ಉಪಾಯ. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ಪ್ರಕಟಿಸಿದ ‘ಕ್ಲಿಯರ್‌ಟೈಪ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಂದು ಚೌಕದಲ್ಲಿಯೂ ಅಕ್ಕಪಕ್ಕದಲ್ಲಿರುವ ಕೆಂಪು, ಹಸುರು, ನೀಲಿ ಪಟ್ಟಿಗಳನ್ನು ಅದು ಬೇರೆ ಬೇರೆಯಾಗಿ ಬೆಳಗಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಮನೆಮನೆಗೆ ಬಂದಿತು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಪಟ್ಟಿಗಳು ಅಕ್ಕಪಕ್ಕದಲ್ಲಿರುವುದರಿಂದ ಅವುಗಳಿಂದ ಹೆಚ್ಚುವ ಸೂಕ್ಷ್ಮತೆ ಅಡ್ಡಲಾಗಿ ಮಾತ್ರ. ನಮ್ಮ ಒತ್ತುಗಳೋ ಕೆಳಮುಖವಾಗಿ ಇಳಿಯುವಂಥವು. ಆದುದರಿಂದ ನುಣುಪು ಎಷ್ಟೇ ಇರಲಿ, ಅಕ್ಷರದ ಗಾತ್ರವನ್ನೂ ತುಸು ಹಿಗ್ಗಿಸದೆ ಒತ್ತು ನಿಚ್ಚಳವಾಗದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಸೆಟ್ಟಿಂಗ್ಸ್‌ನಲ್ಲಿ ತೆರೆಯ ರೆಸಲ್ಯೂಷನ್ ಅದಕ್ಕೆ ಶಿಫಾರಸಾದ ಪ್ರಮಾಣದಲ್ಲಿಯೇ ಇದೆಯೇ ಎಂದು ನೋಡಬೇಕು; ಇಲ್ಲವಾದರೆ ಯಾವ ನುಣುಪೂ ಫಲಿಸದು. ಬಳಿಕ ವಿಂಡೋಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಕ್ಲಿಯರ್‌ಟೈಪ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹೊಂದಿಸುವ ಕಿಟಕಿ ತೆರೆಯುತ್ತದೆ. ಅದು ತೋರಿಸುವ ಮಾದರಿಗಳಲ್ಲಿ ಸ್ಫುಟವಾದುದನ್ನು ಆರಿಸುತ್ತ ಹೋಗಬೇಕು. ಇಂಗ್ಲಿಷ್ ವಿಂಡೋಸ್‌ನಲ್ಲಿ ಆ ಮಾದರಿಗಳೆಲ್ಲ ಇಂಗ್ಲಿಷಿನವೇ! ಆದ್ದರಿಂದ ಆಯ್ಕೆ ಮುಗಿದೊಡನೆ ಒಂದು ಕನ್ನಡ ಪುಟವನ್ನು ತೆರೆದು ಪರೀಕ್ಷಿಸುವುದು ಅವಶ್ಯಕ. ತೃಪ್ತಿಯಾಗದಿದ್ದರೆ ಮತ್ತೊಮ್ಮೆ ಆರಿಸಬಹುದು. ಅಕ್ಷರರೂಪವನ್ನೇ ಬದಲಿಸಿ, ಉಚಿತವಾಗಿ ದೊರೆಯುವ ನೋಟೋ ಸಾನ್ಸ್ ಕನ್ನಡದಂಥದನ್ನು ಬಳಸಿಯೂ ನೋಡಬಹುದು.

ನುಣುಪೆಂದರೆ ಮಸುಕಲ್ಲ. ಮೊಳೆಯಚ್ಚಿನ ಕಾಲದಲ್ಲಿ ಮಸಿ ಅತಿಯಾದರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತಿತ್ತು. ತೆರೆಯ ಮೇಲೆ ಛಾಯೆ ಅತಿಯಾದರೂ ಅದೇ ಪಾಡು. ಅಂಚು ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ ಸೀಳು ಉಳಿದಿದೆಯೇ, ಚುಕ್ಕೆ ಉಳಿದಿದೆಯೇ, ಒತ್ತು ಬಿಡಿಯಾಗಿ ಕಾಣುತ್ತಿದೆಯೇ ಎಂಬುದೇ ಮುಖ್ಯ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಣ್ಣಿಗೆ ಒಪ್ಪುವಂತೆ ಹೊಂದಿಸುವುದು ಲೇಸು. ಅದಕ್ಕೆ ತಗಲುವ ವೇಳೆ ಐದು ನಿಮಿಷ. ಖರ್ಚು ಏನೂ ಇಲ್ಲ.