ಹನ್ನೆರಡು ವಚನಗಳ ಪ್ರಾಮಾಣ್ಯ

ಗ್ರಂಥಸಂಪಾದನೆಯ ಪಾಠ ಹೇಳುವವನಿಗೆ ಕಾಲಕ್ರಮದಲ್ಲಿ ಒಂದು ಬಗೆಯ ನಿಷ್ಠುರತೆ ಬಂದುಬಿಡುತ್ತದೆ. ಪದ್ಯವೊಂದು ಎಷ್ಟೇ ಸೊಗಸಾಗಿರಲಿ, ಪ್ರಾಚೀನ ಪ್ರತಿಗಳಲ್ಲಿ ಅದು ಇಲ್ಲವೆಂದಾದರೆ ಪ್ರಕ್ಷಿಪ್ತವೆಂದು ಅಡಿಟಿಪ್ಪಣಿಗೆ ಇಳಿಸಲು ಅವನ ಕೈ ಹಿಂದೆಗೆಯುವುದಿಲ್ಲ. ಶರಣರ ಅಂಕಿತ ಹೊತ್ತು ಬಹುಕಾಲದ ಮೇಲೆ ಹುಟ್ಟಿಕೊಂಡ ವಚನಗಳನ್ನು ಕುರಿತು ಎಂ.ಎ. ತರಗತಿಯಲ್ಲಿ ನಾನೊಮ್ಮೆ ಹೀಗೆಯೇ ಮಾತನಾಡುತ್ತಿದ್ದೆ. ಅನ್ಯಸಾಹಿತ್ಯದ ಹೋಲಿಕೆಯೊಂದಿರಲಿ ಎಂದು ಯೋಹಾನನ ಸುವಾರ್ತೆಯ ಒಂದು ಪ್ರಸಂಗವನ್ನು ಎತ್ತಿಕೊಂಡೆ. ಏಳನೆಯ ಅಧ್ಯಾಯದ ಕೊನೆಯ ವಚನದಿಂದ ಎಂಟನೆಯ ಅಧ್ಯಾಯದ ಹನ್ನೊಂದನೆಯ ವಚನದವರೆಗೆ ಒಟ್ಟು ಹನ್ನೆರಡು ವಚನಗಳು. (ಬೈಬಲಿನ ವಾಕ್ಯಗಳನ್ನೂ ನಮ್ಮ ಕ್ರೈಸ್ತರು ವಚನಗಳೆಂದೇ ಕರೆಯುತ್ತಾರೆ, ಕಿವಿಗೆ ಹಿತವಾದ ರೂಢಿ.) ಇವು ಯೋಹಾನನವಲ್ಲ, ಮೂಲಪಾಠದಲ್ಲಿ ಇವಕ್ಕೆ ಸ್ಥಾನವಿಲ್ಲ ಎಂದು ತೀರ್ಪು ಕೊಟ್ಟು ಪಾಠ ಮುಗಿಸಿದೆ.

ಹೊರಗೆ ಬಂದಾಗ ವಿದ್ಯಾರ್ಥಿನಿಯೊಬ್ಬಳು ಕಾದಿದ್ದಳು. ಬೆಟಗೇರಿಯ ಕಡೆಯವಳು, ಬಾಸೆಲ್ ಮಿಷನ್ನಿನ ಕಾಲದಿಂದ ಕ್ರೈಸ್ತರಾಗಿ ಬಂದ ಮನೆತನ. "ಸರ್, ನಮ್ಮಜ್ಜಿ ದಿನಾ ರಾತ್ರಿ ಬೈಬಲ್ ಓದತಾಳ್ರಿ. ಆ ಕಥಿ ಬಂದಾಗೆಲ್ಲಾ ಕಣ್ಣೀರು ಹಾಕತಾಳ. ಇನ್ನ ಅದನ್ನ ಓದಬ್ಯಾಡ ಅಂತ ಹೇಳ್ಲೇನ್ರಿ?" ಎಂದು ಕೇಳಿದಳು. ವ್ಯಂಗ್ಯವಾಗಿ ಕೇಳಿದುದಲ್ಲ, ನಿಜವಾಗಿಯೇ ಕೇಳಿದಳು. ನೋಡಿ ಹೇಳುತ್ತೇನೆಂದು ತಪ್ಪಿಸಿಕೊಂಡು ಬಂದೆ. ನೋಡುತ್ತ ಹೋದದ್ದು ಒಂದು ಬೇಸಿಗೆಯ ರಜೆಯನ್ನೇ ನುಂಗಿತು. ಶಾಸ್ತ್ರದ ಅಧಿಕಾರವೆಂದರೇನು ಎಂಬ ಕ್ರೈಸ್ತ ದೇವಶಾಸ್ತ್ರದ ಹೆಬ್ಬಾಗಿಲಿಗೆ ನಾನು ತಲುಪಿದ್ದು ಈ ಅಡ್ಡದಾರಿಯಿಂದ.

ಕಥೆಯನ್ನು ಅರಿಯದವರಿಗಾಗಿ ಸಂಗ್ರಹಿಸಿ ಹೇಳುತ್ತೇನೆ. ಯೇಸು ಮುಂಜಾನೆ ಯೆರೂಸಲೇಮಿನ ದೇವಾಲಯದಲ್ಲಿ ಕುಳಿತು ಉಪದೇಶಿಸುತ್ತಿದ್ದಾನೆ. ಶಾಸ್ತ್ರಿಗಳೂ ಫರಿಸಾಯರೂ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ತಂದು ನಡುವೆ ನಿಲ್ಲಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರದಂತೆ ಇವಳನ್ನು ಕಲ್ಲೆಸೆದು ಕೊಲ್ಲಬೇಕು. ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಆತ ಬಾಗಿ, ಬೆರಳಿನಿಂದ ನೆಲದ ಮೇಲೆ ಏನನ್ನೋ ಬರೆಯುತ್ತಾನೆ. ಮತ್ತೆ ಮತ್ತೆ ಕೇಳಿದಾಗ, ನಿಮ್ಮಲ್ಲಿ ಪಾಪವಿಲ್ಲದವನು ಮೊದಲ ಕಲ್ಲನ್ನು ಎಸೆಯಲಿ ಎಂದು ಹೇಳಿ ಪುನಃ ಬಾಗಿ ಬರೆಯುತ್ತಾನೆ. ಹಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ, ಇನ್ನು ಮೇಲೆ ಪಾಪಮಾಡಬೇಡ ಎಂದು ಆಕೆಯನ್ನು ಕಳುಹಿಸುತ್ತಾನೆ. ಇಷ್ಟೇ ಕಥೆ.

ಇಲ್ಲಿ ಆಪಾದಿಸುವವರ ಕೈಯಲ್ಲಿರುವುದು ಕಲ್ಲು ಮಾತ್ರವಲ್ಲ, ಶಾಸ್ತ್ರವಾಕ್ಯವೂ ಹೌದು. ಆ ವಾಕ್ಯವನ್ನಾದರೂ ಅವರು ಪೂರ್ತಿ ಓದಿಲ್ಲ. ಯಾಜಕಕಾಂಡದ ಇಪ್ಪತ್ತನೆಯ ಅಧ್ಯಾಯ ಗಂಡಸಿಗೂ ಹೆಂಗಸಿಗೂ ಒಂದೇ ದಂಡನೆಯನ್ನು ವಿಧಿಸುತ್ತದೆ. ಇವರು ತಂದದ್ದು ಹೆಂಗಸನ್ನು ಮಾತ್ರ. ಯೇಸು ಶಾಸ್ತ್ರವನ್ನು ತಳ್ಳಿಹಾಕಲಿಲ್ಲ. ಅದನ್ನು ಪ್ರಯೋಗಿಸುವ ಅಧಿಕಾರ ಯಾರಿಗಿದೆ ಎಂದು ಕೇಳಿದ. ನಾಲ್ಕು ಸುವಾರ್ತೆಗಳಲ್ಲಿ ಆತ ಏನನ್ನಾದರೂ ಬರೆದನೆಂದು ಹೇಳುವ ಸ್ಥಳ ಇದೊಂದೇ. ಬರೆದದ್ದು ಧೂಳಿನಲ್ಲಿ, ಏನು ಬರೆದನೆಂಬುದನ್ನು ಕಥೆ ಹೇಳುವುದಿಲ್ಲ.

ಇನ್ನು ಪ್ರತಿಗಳ ಸಾಕ್ಷ್ಯ. ನಾಲ್ಕನೆಯ ಶತಮಾನದ ಎರಡು ಮಹಾಪ್ರತಿಗಳಾದ ಸೀನಾಯಿ ಪ್ರತಿ ಹಾಗೂ ವ್ಯಾಟಿಕನ್ ಪ್ರತಿಗಳಲ್ಲಿ ಈ ಪ್ರಸಂಗವಿಲ್ಲ. ಅವಕ್ಕಿಂತ ಹಳೆಯ ಪಪೈರಸ್ ಪ್ರತಿಗಳಲ್ಲಿಯೂ ಇಲ್ಲ. ಗ್ರೀಕ್ ಪ್ರತಿಗಳಲ್ಲಿ ಇದು ಮೊದಲು ಕಾಣಿಸುವುದು ಬೇಝಾ ಪ್ರತಿಯಲ್ಲಿ. ಅದರ ಕಾಲ ಸುಮಾರು ಐದನೆಯ ಶತಮಾನ. ಮುಂದೆಯೂ ಈ ಕಥೆಗೆ ನೆಲೆ ನಿಂತಿಲ್ಲ: ಕೆಲವು ಪ್ರತಿಗಳಲ್ಲಿ ಯೋಹಾನನ ಸುವಾರ್ತೆಯ ಕೊನೆಯಲ್ಲಿ ಇದೆ, ಕೆಲವರು ಲೂಕನ ಇಪ್ಪತ್ತೊಂದನೆಯ ಅಧ್ಯಾಯದ ಕೊನೆಯಲ್ಲಿ ಇದನ್ನು ಕೂರಿಸಿದ್ದಾರೆ, ಕೆಲವು ಲಿಪಿಕಾರರು ಪಕ್ಕದಲ್ಲಿ ಸಂಶಯದ ಚಿಹ್ನೆ ಹಾಕಿದ್ದಾರೆ. ಇಷ್ಟಾದರೂ ಕಥೆ ಪುರಾತನವಾದುದೇ. ಇದನ್ನು ಹೋಲುವ ಪ್ರಸಂಗವೊಂದು ಮೂರನೆಯ ಶತಮಾನದ ಒಂದು ಸಭಾನಿಯಮಗಳ ಗ್ರಂಥದಲ್ಲಿ ಉಕ್ತವಾಗಿದೆ. ಸಂತ ಆಗಸ್ಟೀನನ ಊಹೆಯಂತೂ ನಮ್ಮ ತರ್ಕವನ್ನೇ ತಿರುಗುಮುರುಗು ಮಾಡುತ್ತದೆ. ಹೆಂಡಂದಿರು ಇದನ್ನು ಕೇಳಿ ಸಲುಗೆ ವಹಿಸಿಯಾರೆಂಬ ಭಯದಿಂದ ಯಾರೋ ಕೆಲವರು ಇದನ್ನು ಪ್ರತಿಗಳಿಂದ ಕಿತ್ತುಹಾಕಿದರಂತೆ! ಪ್ರಕ್ಷೇಪವಲ್ಲ, ಲೋಪ ಎಂದು ಆತನ ವಾದ. ಪ್ರತಿಗಳ ಸಾಕ್ಷ್ಯ ಈ ಊಹೆಯನ್ನು ಎತ್ತಿಹಿಡಿಯುವುದಿಲ್ಲ. ಆದರೆ ಆತ ಹೇಳಿದ ಭಯ ಮಾತ್ರ ಎಲ್ಲ ಕಾಲದ ಗಂಡಂದಿರಿಗೂ ಇದ್ದದ್ದೇ.

ಸಂಪಾದಕನ ಕೆಲಸ ಇಲ್ಲಿಗೆ ಮುಗಿಯುತ್ತದೆ. ದೇವಶಾಸ್ತ್ರಜ್ಞನ ಕೆಲಸ ಇಲ್ಲಿಂದ ತೊಡಗುತ್ತದೆ.

ನಮ್ಮಂಥವರು ಕ್ರೈಸ್ತ ಶಾಸ್ತ್ರದ ಪ್ರಾಮಾಣ್ಯವನ್ನು ವೇದಪ್ರಾಮಾಣ್ಯದ ಅಚ್ಚಿನಲ್ಲಿ ಹೊಯ್ದು ನೋಡುವುದು ಸಹಜ, ಎಡವುವುದೂ ಅಲ್ಲಿಯೇ. ಮೀಮಾಂಸಕರಿಗೆ ವೇದ ಅಪೌರುಷೇಯ. ಕರ್ತೃವಿಲ್ಲದುದರಿಂದ ಕರ್ತೃದೋಷವೂ ಇಲ್ಲ. ಪದ, ಕ್ರಮ, ಜಟೆ, ಘನಗಳೆಂಬ ಪಾಠಕ್ರಮಗಳಿಂದ ಒಂದು ಸ್ವರವೂ ಅಲುಗದಂತೆ ಅದನ್ನು ಕಾಪಾಡಿದರು. ಬೈಬಲಿನ ಸಂಗತಿ ಬೇರೆ. ಸುವಾರ್ತೆಗಳ ನೆತ್ತಿಯ ಮೇಲೆಯೇ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಮನುಷ್ಯರ ಹೆಸರುಗಳಿವೆ. ತನಗಿಂತ ಮುಂಚೆ ಹಲವರು ಬರೆದಿದ್ದಾರೆ, ತಾನೂ ವಿಚಾರಿಸಿ ಬರೆಯುತ್ತಿದ್ದೇನೆ ಎಂದು ಲೂಕನು ಇತಿಹಾಸಕಾರನಂತೆ ಪೀಠಿಕೆ ಹಾಕುತ್ತಾನೆ. ಕ್ರೈಸ್ತರ ದೃಷ್ಟಿಯಲ್ಲಿ ದೇವರ ಪರಮಪ್ರಕಾಶ ಗ್ರಂಥವಲ್ಲ, ಒಬ್ಬ ವ್ಯಕ್ತಿ. ಯೋಹಾನನ ಆರಂಭದಲ್ಲಿ ಬರುವ 'ಲೋಗೊಸ್' ಎಂಬ ಗ್ರೀಕ್ ಮಾತಿಗೆ ಕನ್ನಡ ಬೈಬಲು 'ವಾಕ್ಯ' ಎಂಬ ಮಾತನ್ನು ಇಟ್ಟಿದೆ. ಆ ವಾಕ್ಯ ಪುಸ್ತಕವಾಗಲಿಲ್ಲ. ಮನುಷ್ಯನಾಯಿತು ಎಂಬುದು ಅವರ ವಿಶ್ವಾಸ. ಪುಸ್ತಕ ಅದಕ್ಕೆ ಸಾಕ್ಷಿ. ಸಾಕ್ಷಿ ಮನುಷ್ಯರದು, ಪ್ರೇರಣೆ ಪವಿತ್ರಾತ್ಮನದು. ಈ ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿರುವುದೇ ಆ ದೇವಶಾಸ್ತ್ರದ ಭಾರ.

ಯಾವ ಸಾಕ್ಷಿ ಸಿಂಧು, ಯಾವುದು ಅಲ್ಲ ಎಂದು ತೀರ್ಮಾನಿಸುವುದಕ್ಕೆ ಶತಮಾನಗಳೇ ಹಿಡಿದವು. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳನ್ನೇ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಪಟ್ಟಿಮಾಡಿ ಕೊಟ್ಟ ಹಳೆಯ ಲೇಖವೆಂದರೆ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸನು 367ರಲ್ಲಿ ಬರೆದ ಪತ್ರ. ನಮ್ಮ ಹನ್ನೆರಡು ವಚನಗಳನ್ನು ಒಳಗೊಳ್ಳದ ಸೀನಾಯಿ ಪ್ರತಿಯಲ್ಲಿ, ಮುಂದೆ ಶಾಸ್ತ್ರವೆಂದು ಅಂಗೀಕೃತವಾಗದ 'ಹೆರ್ಮಾಸನ ಕುರುಬ', 'ಬಾರ್ನಬನ ಪತ್ರ' ಎಂಬ ಎರಡು ಕೃತಿಗಳು ಸೇರಿವೆ. ಇದನ್ನು ಓದಿದಾಗ ನನ್ನ ನಿಷ್ಠುರತೆ ಸ್ವಲ್ಪ ಸಡಿಲಿತೆಂದು ಒಪ್ಪಿಕೊಳ್ಳಬೇಕು. ಪ್ರತಿಯ ಪ್ರಾಚೀನತೆಯೊಂದೇ ಪ್ರಮಾಣವಾದರೆ ಹೆರ್ಮಾಸನನ್ನು ಒಳಗೆ ಕರೆದು ಈ ಹೆಂಗಸನ್ನು ಹೊರಗೆ ಕಳುಹಿಸಬೇಕಾಗುತ್ತದೆ. ಹಾಗೆ ಯಾವ ಸಭೆಯೂ ಮಾಡಲಿಲ್ಲ.

ಅಧಿಕಾರದ ಪ್ರಶ್ನೆಗೆ ಸಭೆಗಳು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. 1521ರಲ್ಲಿ ವೋರ್ಮ್ಸ್ ನಗರದ ರಾಜಸಭೆಯ ಮುಂದೆ ನಿಂತ ಮಾರ್ಟಿನ್ ಲೂಥರ್, ಪೋಪರೂ ಮಹಾಸಭೆಗಳೂ ತಪ್ಪಬಹುದು, ಶಾಸ್ತ್ರಕ್ಕೂ ಸ್ಪಷ್ಟ ಯುಕ್ತಿಗೂ ಮಾತ್ರ ತಾನು ಬಾಗುವೆನೆಂದ. ಅದಕ್ಕೆ ಎದುರಾಗಿ 1546ರಲ್ಲಿ ಟ್ರೆಂಟಿನ ಮಹಾಸಭೆ ಶಾಸ್ತ್ರವನ್ನೂ ಅಪೊಸ್ತಲರಿಂದ ಬಂದ ಸಂಪ್ರದಾಯವನ್ನೂ ಸಮಾನಭಕ್ತಿಯಿಂದ ಸ್ವೀಕರಿಸಿತು. ಜೆರೋಮನ ಲ್ಯಾಟಿನ್ ಬೈಬಲಿನಲ್ಲಿರುವ ಪುಸ್ತಕಗಳನ್ನು ಅವುಗಳ ಎಲ್ಲ ಭಾಗಗಳೊಡನೆ ಪವಿತ್ರವೆಂದು ಸಾರಿತು. ಜೆರೋಮನು ಈ ಕಥೆಯನ್ನು ಸೇರಿಸಿಕೊಂಡಿದ್ದ. ಕ್ಯಾಥೊಲಿಕರ ಮಟ್ಟಿಗೆ ಹೆಂಗಸು ಉಳಿದಳು. ಪೂರ್ವದೇಶದ ಆರ್ಥೊಡಾಕ್ಸ್ ಸಭೆಯ ರೀತಿ ಇನ್ನೂ ಸ್ವಾರಸ್ಯವಾದುದು. ಪೆಂಟೆಕೊಸ್ತ ಹಬ್ಬದ ಪಠನದಲ್ಲಿ ಅವರು ಈ ಹನ್ನೆರಡು ವಚನಗಳನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಆದರೆ ಅಕ್ಟೋಬರ್ 8ರಂದು, ಪಾಪಜೀವನವನ್ನು ಬಿಟ್ಟು ತಪಸ್ವಿನಿಯಾದ ಸಂತ ಪೆಲಾಗಿಯಳ ಸ್ಮರಣೆಯ ದಿನ, ಈ ಕಥೆಯನ್ನೇ ಓದುತ್ತಾರೆ. ಸಂಪಾದಕರು ತಂಟೆ ಹೂಡುವುದಕ್ಕೆ ಶತಮಾನಗಳ ಮೊದಲೇ ಆರಾಧನೆಯೊಳಗೇ ಅದಕ್ಕೊಂದು ಸ್ಥಳ ಒದಗಿತ್ತು.

ಪ್ರಾಟೆಸ್ಟಂಟರಿಗೆ ತೊಡಕು ಹೆಚ್ಚು. ಶಾಸ್ತ್ರವೊಂದೇ ಪ್ರಮಾಣವೆಂದವರಿಗೆ ಶಾಸ್ತ್ರದ ಎಲ್ಲೆ ಎಲ್ಲಿಯದೆಂಬುದು ಪ್ರಾಣದ ಪ್ರಶ್ನೆ. ಶಾಸ್ತ್ರದ ಅಧಿಕಾರವನ್ನು ಓದುಗನ ಹೃದಯದಲ್ಲಿ ದೃಢಪಡಿಸುವುದು ಪವಿತ್ರಾತ್ಮನ ಒಳಸಾಕ್ಷಿಯೆಂದು ಕ್ಯಾಲ್ವಿನ್ ಬೋಧಿಸಿದ. ಪ್ರತಿಗಳ ಗೊಂದಲ ಅವನಿಗೆ ತಿಳಿದೇ ಇತ್ತು; ಆದರೂ ಅಪೊಸ್ತಲರ ಭಾವಕ್ಕೆ ತಕ್ಕುದಲ್ಲದ್ದು ಇದರಲ್ಲಿ ಏನೂ ಇಲ್ಲವೆಂದು ಈ ಕಥೆಗೆ ವ್ಯಾಖ್ಯಾನ ಬರೆದ. ಈಚೆಗೆ, 1978ರಲ್ಲಿ, ಷಿಕಾಗೋದಲ್ಲಿ ಕೂಡಿದ ಒಂದು ಪಂಥದವರು, ಶಾಸ್ತ್ರ ತಪ್ಪಿಲ್ಲದ್ದು, ಆದರೆ ಆ ಮಾತು ಕಟ್ಟುನಿಟ್ಟಾಗಿ ಸಲ್ಲುವುದು ಮೂಲಹಸ್ತಪ್ರತಿಗಳಿಗೆ ಮಾತ್ರ ಎಂದು ಘೋಷಿಸಿದರು. ಆ ಹಸ್ತಪ್ರತಿಗಳಲ್ಲಿ ಒಂದೂ ಉಳಿದಿಲ್ಲ. ಉಳಿದ ಪ್ರತಿಗಳಿಂದ ಮೂಲವನ್ನು ಬಹುಮಟ್ಟಿಗೆ ತಿಳಿಯಬಹುದೆಂದು ಅವರು ಸಮಾಧಾನ ಹೇಳುತ್ತಾರೆ. ಪಾಠಾಂತರಗಳೊಡನೆ ಬಾಳಿದ ನನಗೆ ಆ ಸಮಾಧಾನ ಸಾಲದು. ಕೈಯಲ್ಲಿಲ್ಲದ ಓಲೆಗರಿಗೆ ಸರ್ವಾಧಿಕಾರ ಕೊಟ್ಟು, ಕೈಯಲ್ಲಿರುವ ಪುಸ್ತಕಕ್ಕೆ ಎರವಲು ಗೌರವ ಕೊಟ್ಟಂತೆ ಕಾಣುತ್ತದೆ. ದೇವರ ವಾಕ್ಯ ಮೊದಲು ಕ್ರಿಸ್ತ, ಆಮೇಲೆ ಅವನಿಗೆ ಸಾಕ್ಷಿಯಾದ ಶಾಸ್ತ್ರ, ಅನಂತರ ಅದನ್ನು ಸಾರುವ ಸಭೆಯ ಬೋಧನೆ ಎಂಬ ಕಾರ್ಲ್ ಬಾರ್ತನ ನಿರೂಪಣೆ ನನಗೆ ಹೆಚ್ಚು ಹೃದ್ಯವಾಯಿತು. ಸಾಕ್ಷಿ ಹೇಳುವವನು ತೊದಲಿದರೂ ಸಾಕ್ಷಿ ಕೆಡಬೇಕಾಗಿಲ್ಲ.

ಕನ್ನಡ ಬೈಬಲಿಗೂ ಈ ಚರಿತ್ರೆಯ ಒಂದು ಎಳೆ ತಾಗಿದೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಇಡೀ ಬೈಬಲು ಕನ್ನಡದಲ್ಲಿ 1831ರಲ್ಲಿ ಸಿದ್ಧವಾದಾಗ ಸೀನಾಯಿ ಪ್ರತಿ ಇನ್ನೂ ಮರುಭೂಮಿಯ ಮಠದಲ್ಲಿತ್ತು; ಟಿಶೆಂಡಾರ್ಫ್ ಅದರ ಬಹುಭಾಗವನ್ನು ಕಂಡದ್ದು 1859ರಲ್ಲಿ. ಪಾಠಶೋಧನೆಯ ಶಿಸ್ತು ನಮ್ಮ ಭಾಷೆಗೆ ಬಂದುದರಲ್ಲಿಯೂ ಮಿಷನರಿಗಳ ಪಾಲಿದೆ. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚುಹಾಕಿಸಿದ ಕಿಟ್ಟೆಲ್, ಬಾಸೆಲ್ ಮಿಷನ್ನಿನ ಪಾದ್ರಿ. ನನ್ನ ವಿದ್ಯೆಯ ಬೇರೂ ಆ ಅಜ್ಜಿಯ ಪುಸ್ತಕದ ಬೇರೂ ಒಂದೇ ಅಂಗಳದಲ್ಲಿ ಇಳಿದಿವೆ ಎಂದಾಯಿತು.

ಈಗಿನ ಅನೇಕ ಮುದ್ರಣಗಳು ಈ ಭಾಗವನ್ನು ಕಂಸದಲ್ಲಿಟ್ಟು, ಪ್ರಾಚೀನ ಪ್ರತಿಗಳಲ್ಲಿ ಇದಿಲ್ಲವೆಂದು ಟಿಪ್ಪಣಿ ಕೊಟ್ಟು, ಕಥೆಯನ್ನು ಅದರ ಸ್ಥಳದಲ್ಲೇ ಉಳಿಸುತ್ತವೆ. ಮೊದಲು ನನಗಿದು ಹೇಡಿತನವೆಂದು ತೋರಿತ್ತು. ಈಗ ಹಾಗೆ ತೋರುವುದಿಲ್ಲ. ಪಂಡಿತನು ಕಂಡದ್ದನ್ನು ಮುಚ್ಚಿಡದೆ, ಭಕ್ತಳು ಕಂಡದ್ದನ್ನು ಕಿತ್ತುಕೊಳ್ಳದೆ ಇಬ್ಬರನ್ನೂ ಒಂದೇ ಪುಟದಲ್ಲಿ ಕೂರಿಸುವ ಉಪಾಯ ಅದು. ಇದನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ, "ಕಂಸನ ಸೆರೆಯಲ್ಲಿ ಹುಟ್ಟಿದ್ದರಿಂದ ಕೃಷ್ಣನೇನು ಕಡಿಮೆಯಾದನೆ?" ಎಂದು ನಕ್ಕರು.

ರಜೆ ಮುಗಿದು ಕಾಲೇಜು ತೆರೆದ ಮೇಲೆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ಓದಲಿ, ಕಂಸದ ವಿಷಯವನ್ನೂ ತಿಳಿಸು ಎಂದೆ. ಊರಿಗೆ ಹೋಗಿ ಬಂದು ವರದಿ ಒಪ್ಪಿಸಿದಳು. ಅಜ್ಜಿ ಪ್ರತಿಗಳ ಕಥೆಯನ್ನೆಲ್ಲ ಸಮಾಧಾನವಾಗಿ ಕೇಳಿ, ಕನ್ನಡಕ ತೆಗೆದಿಟ್ಟು ಇಷ್ಟೇ ಕೇಳಿದರಂತೆ: "ಆ ಹೆಣ್ಮಗಳ ಹೆಸರು ಯಾವುದರೆ ಹಳೇ ಪ್ರತಿಯಾಗ ಐತೇನು, ನಿಮ್ಮ ಮಾಸ್ತರನ್ನ ಕೇಳ್ಕೊಂಡು ಬಾ."

ಮತ್ತೊಮ್ಮೆ ಹುಡುಕಿ ನೋಡಿದೆ. ಆ ವಚನಗಳಲ್ಲಿ ಆಕೆ ಬರಿಯ 'ಹೆಂಗಸು', ಹೆಸರಿಲ್ಲ.