ಗಣಿಯೂರಿನ ಬಿಳಿಯ ಹೆಣಿಗೆ

ಸ್ಲೊವೇನಿಯಾ ದೇಶದ ಪಶ್ಚಿಮ ಭಾಗದಲ್ಲಿ, ನಾಲ್ಕು ಕಡೆಯೂ ಬೆಟ್ಟಗಳು ಒತ್ತಿ ನಿಂತ ಕಣಿವೆಯೊಂದರಲ್ಲಿರುವ ಇದ್ರಿಯಾ ಪಟ್ಟಣವು ಶತಮಾನಗಳ ಕಾಲ ತನ್ನ ಪಾದರಸದ ಗಣಿಯಿಂದ ಪ್ರಸಿದ್ಧವಾಗಿದ್ದಿತು. ಸ್ಪೇನಿನ ಅಲ್ಮಾದೆನ್ ಒಂದನ್ನುಳಿದರೆ ಅದಕ್ಕಿಂತ ದೊಡ್ಡ ಪಾದರಸದ ಗಣಿ ಲೋಕದಲ್ಲಿ ಬೇರೊಂದಿರಲಿಲ್ಲ. ಆ ಗಣಿಯ ಕೆಲಸ ಈಗ ನಿಂತುಹೋಗಿದೆ. ಆದರೆ ಗಂಡಸರು ಭೂಗರ್ಭಕ್ಕಿಳಿದು ವಿಷಮಯವಾದ ಆ ಲೋಹವನ್ನು ತೆಗೆಯುತ್ತಿದ್ದಾಗ, ಅವರ ಅಲ್ಪವೇತನದಿಂದ ಸಂಸಾರ ಸಾಗದೆ ಮನೆಯ ಹೆಂಗಸರು ಕೈಗೆತ್ತಿಕೊಂಡ ಬಾಬಿನ್ ಲೇಸಿನ ಕಸುಬು ಇಂದಿಗೂ ಅಲ್ಲಿ ಮನೆಮನೆಯ ವಿದ್ಯೆಯಾಗಿ ಉಳಿದುಕೊಂಡಿದೆ.

ಕ್ರೋಷಾ ಕಡ್ಡಿಯಿಂದ ಹಾಕುವ ಲೇಸನ್ನು ನಮ್ಮವರು ಚೆನ್ನಾಗಿ ಬಲ್ಲರು. ಬಾಬಿನ್ ಲೇಸಿನ ಕ್ರಮ ಅದಕ್ಕಿಂತ ಭಿನ್ನವಾದುದು. ಇಲ್ಲಿ ಆಧಾರಕ್ಕೆ ಬಟ್ಟೆಯಿಲ್ಲ, ಕುಣಿಕೆಯಿಂದ ಕುಣಿಕೆಯನ್ನು ಎಳೆಯುವುದಿಲ್ಲ, ಗಂಟು ಹಾಕುವುದಿಲ್ಲ. ಗಟ್ಟಿಯಾಗಿ ತುಂಬಿದ ಉರುಳೆಯಾಕಾರದ ದಿಂಬಿನ ಸುತ್ತ ನಕ್ಷೆಯ ಕಾಗದವನ್ನು ಸುತ್ತಿ, ಅದರ ಮೇಲೆ ಗುಂಡುಸೂಜಿಗಳನ್ನು ಚುಚ್ಚಿ, ಅವುಗಳಿಂದ ದಾರಗಳನ್ನು ಜೋಡಿಜೋಡಿಯಾಗಿ ಇಳಿಬಿಟ್ಟಿರುತ್ತಾರೆ. ಪ್ರತಿಯೊಂದು ದಾರದ ತುದಿಯೂ ಬಾಬಿನ್ ಎಂಬ ಸಣ್ಣ ಮರದ ಹಿಡಿಕೆಗೆ ಸುತ್ತಿಕೊಂಡಿರುತ್ತದೆ. ಎರಡು ಜೋಡಿಗಳನ್ನು, ಎಂದರೆ ನಾಲ್ಕು ಬಾಬಿನ್‌ಗಳನ್ನು, ಒಮ್ಮೆಗೆ ಕೈಗೆ ತೆಗೆದುಕೊಳ್ಳುವುದು ವಾಡಿಕೆ. ನಡುವಿನ ಎರಡರಲ್ಲಿ ಎಡಗಡೆಯದನ್ನು ಬಲಗಡೆಯದರ ಮೇಲೆ ದಾಟಿಸುವುದು ಒಂದು ಚಲನೆ. ಒಂದೊಂದು ಜೋಡಿಯಲ್ಲಿಯೂ ಬಲಗಡೆಯದನ್ನು ಎಡಗಡೆಯದರ ಮೇಲೆ ಹೊರಳಿಸುವುದು ಇನ್ನೊಂದು. ದಾಟಿಸಿ, ಹೊರಳಿಸಿ, ಮತ್ತೆ ದಾಟಿಸಿದರೆ ನೇಯ್ದ ಬಟ್ಟೆಯಂತಹ ದಟ್ಟವಾದ ಹೆಣಿಗೆ ದೊರೆಯುತ್ತದೆ. ದಾಟಿಸಿ ಹೊರಳಿಸಿ ನಿಲ್ಲಿಸಿದರೆ ಬಲೆಯಂತೆ ತೆರಪಾದುದು. ಜಡೆ ಹೆಣೆಯಬಲ್ಲ ಯಾವ ಹುಡುಗಿಗೂ ದುಸ್ಸಾಧ್ಯವಲ್ಲದ ಈ ಎರಡೇ ಚಲನೆಗಳಿಂದ ಹೂವು, ಎಲೆ, ಬಳ್ಳಿಗಳೆಲ್ಲವೂ ಹುಟ್ಟಿಬರುತ್ತವೆಂಬುದನ್ನು ನೆನೆದರೆ ಮನಸ್ಸು ವಿಸ್ಮಯಗೊಳ್ಳದಿರದು. ಕೆಲಸ ಮುಂದುವರಿದಂತೆ ಹಿಂದಿನ ಸೂಜಿಗಳನ್ನು ಕಿತ್ತು ಮುಂದಕ್ಕೆ ಚುಚ್ಚುತ್ತಾರೆ; ಸೂಜಿ ಹೋದರೂ ದಾರ ತನ್ನ ಸ್ಥಾನವನ್ನು ಬಿಡುವುದಿಲ್ಲ. ಇದ್ರಿಯಾದ ಹೆಣಿಗೆಯ ವೈಶಿಷ್ಟ್ಯವೆಂದರೆ, ಕೆಲವೇ ಜೋಡಿಗಳಿಂದ ಕಿರಿದಾದ ಪಟ್ಟಿಯೊಂದನ್ನು ಹೆಣೆಯುತ್ತ, ಅದನ್ನು ನಕ್ಷೆಯಂತೆ ಬಳುಕಿಸಿ, ತಿರುಗಿಸಿ, ಸೂಕ್ಷ್ಮವಾದ ಕೊಕ್ಕೆಯಿಂದ ಅದರ ಅಂಚಿಗೇ ಅದನ್ನು ಕೂಡಿಸುತ್ತ ಹೋಗುವುದು.

ಈ ಕಲೆ ಹದಿನಾರನೆಯ ಶತಮಾನದಲ್ಲಿ ಇಟಲಿ ಮತ್ತು ಫ್ಲಾಂಡರ್ಸ್ ಪ್ರಾಂತಗಳಲ್ಲಿ ಬೆಳಗಿತು. ವೆನಿಸ್ಸಿನಲ್ಲಿ 1557ರಲ್ಲಿ ಇದರ ನಕ್ಷೆಗಳ ಪುಸ್ತಕವೊಂದು ಅಚ್ಚಾಯಿತು. 1561ರಲ್ಲಿ ಜ್ಯೂರಿಕ್‌ನಿಂದ ಇನ್ನೊಂದು ಹೊರಬಿದ್ದಿತು. ಎರಡನೆಯದನ್ನು ರಚಿಸಿದಾಕೆ ಆರ್. ಎಂ. ಎಂಬ ಅಕ್ಷರಗಳನ್ನಲ್ಲದೆ ತನ್ನ ಹೆಸರನ್ನು ಕೂಡ ಬಿಟ್ಟುಹೋಗಿಲ್ಲ. ಇಟಲಿಯ ವರ್ತಕರು 1536ರಲ್ಲಿ ತಂದ ವಿದ್ಯೆಯಿದೆಂದು ತಿಳಿಸಿ, ತಾನು ಅರಿತುದನ್ನು ಇತರರ ಮುಂದಿಟ್ಟಿದ್ದಾಳೆ. ಕೀರ್ತಿಯ ಹಂಬಲವಿಲ್ಲದ ಆ ಔದಾರ್ಯವೇ ಈ ಕಲೆಯ ನಿಜವಾದ ಮೂಲಧನವೆಂದು ನನ್ನ ಭಾವನೆ. ಕಾಗದದ ಮೇಲಿನ ರಂಧ್ರಗಳಿಗೆ ಭಾಷೆಯಿಲ್ಲ. ಒಂದು ನಾಡಿನಲ್ಲಿ ಚುಚ್ಚಿದ ನಕ್ಷೆಯನ್ನು ಇನ್ನೊಂದು ನಾಡಿನ ಅಭ್ಯಾಸಿಯು ಅನಾಯಾಸವಾಗಿ ಓದಬಲ್ಲಳು.

ಈ ಕಲೆಯ ಚರಿತ್ರೆಯೆಲ್ಲವೂ ಸುಖಮಯವಾಗಿದ್ದಿತೆಂದು ಹೇಳಲಾಗದು. ಅರಸುಮನೆಗಳ ಉಡುಪನ್ನು ಅಲಂಕರಿಸಿದ ಲೇಸಿನ ಲಾಭ ವರ್ತಕರಿಗೆ ಸೇರಿತಲ್ಲದೆ, ಮಂದಪ್ರಕಾಶದಲ್ಲಿ ಕಣ್ಣು ಸವೆಸಿದ ಕೈಗಳಿಗೆ ದೊರೆತುದು ಅತ್ಯಲ್ಪ. ಅದನ್ನೂ ಕಸಿಯಲೋ ಎಂಬಂತೆ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬಾತನು ಆ ಕೈಗಳ ಚಲನೆಯನ್ನೇ ಅನುಸರಿಸುವ ಯಂತ್ರಕ್ಕೆ 1809ರಲ್ಲಿ ಹಕ್ಕುಪತ್ರ ಪಡೆದನು.

ಯಂತ್ರಯುಗವು ಬಲಿತಿದ್ದ ಆ ಕಾಲದಲ್ಲಿಯೇ, 1876ರಲ್ಲಿ, ಇದ್ರಿಯಾದಲ್ಲಿ ಲೇಸ್ ಶಾಲೆ ಸ್ಥಾಪಿತವಾಯಿತು. ಆಸ್ಟ್ರಿಯಾ-ಹಂಗೆರಿಯ ಚಕ್ರವರ್ತಿಯ ಆಳ್ವಿಕೆ ಹೋಗಿ ಇಟಲಿಯ ಆಳ್ವಿಕೆ ಬಂದಿತು. ಅದು ಹೋಗಿ ಯುಗೊಸ್ಲಾವಿಯಾ ಬಂದಿತು. ಅದೂ ಒಡೆದು ಸ್ಲೊವೇನಿಯಾ ಸ್ವತಂತ್ರವಾಯಿತು. ಇಷ್ಟು ಧ್ವಜಗಳು ಏರಿಳಿದರೂ ಶಾಲೆ ಮುಚ್ಚಲಿಲ್ಲ. ಊರಿನ ಮಕ್ಕಳು ಇಂದಿಗೂ ತಮ್ಮ ನಿತ್ಯದ ಪಾಠಗಳ ಜೊತೆಗೆ ಇಲ್ಲಿ ಸ್ವೇಚ್ಛೆಯಿಂದ ಬಂದು ಕಲಿಯುತ್ತಾರೆ. ದೊಡ್ಡವರು ಗುಂಪುಗೂಡಿ ಹೆಣೆಯುತ್ತ, ಒಬ್ಬರ ನಕ್ಷೆಯನ್ನು ಇನ್ನೊಬ್ಬರು ಪಡೆದು, ತಿದ್ದಿ, ಹಿಂದಿರುಗಿಸುತ್ತಾರೆ. ವರ್ಷವರ್ಷವೂ ನಡೆಯುವ ಲೇಸ್ ಉತ್ಸವದಲ್ಲಿ ಮಕ್ಕಳಿಗೂ ಹಿರಿಯರಿಗೂ ಹೆಣಿಗೆಯ ಸ್ಪರ್ಧೆಯುಂಟು. ಸ್ಲೊವೇನಿಯಾದ ಈ ಕಲೆಯನ್ನು ಯುನೆಸ್ಕೋ 2018ರಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶದೇಶಗಳ ಅಭ್ಯಾಸಿಗಳನ್ನು ಕೂಡಿಸಲು 1982ರಲ್ಲಿ ಹುಟ್ಟಿದ ಓಯಿಡ್‌ಫಾ ಎಂಬ ಅಂತರರಾಷ್ಟ್ರೀಯ ಸಂಘವು ಎರಡು ವರ್ಷಗಳಿಗೊಮ್ಮೆ ಮಹಾಸಮ್ಮೇಳನವನ್ನು ನಡೆಸುವ ಪದ್ಧತಿಯನ್ನಿಟ್ಟುಕೊಂಡಿದೆ. ಹೊಟ್ಟೆಪಾಡಿನ ದುಡಿಮೆಯಾಗಿದ್ದುದು ಹೀಗೆ ಒಲವಿನ ವಿದ್ಯೆಯಾಗಿ ಮಾರ್ಪಟ್ಟಿರುವುದು ನನಗೆ ಅದರ ಸೊಬಗಿಗಿಂತಲೂ ಹೆಚ್ಚಿನ ಸಂತೋಷವನ್ನು ತಂದಿದೆ.

ದಕ್ಷಿಣ ಭಾರತಕ್ಕೂ ಇದು ತೀರ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಲಂಡನ್ ಮಿಷನ್ನಿನ ಪಾದ್ರಿ ಚಾರ್ಲ್ಸ್ ಮಾಲ್ಟರ ಪತ್ನಿ ನಾಗರಕೋಯಿಲಿನ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದ್ದರು. ಕಲಿಯಲಪೇಕ್ಷಿಸುವ ಓದುಗರು ಸಲಕರಣೆಗಳಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. ಗಟ್ಟಿಯಾದ ದಿಂಬು, ಗುಂಡುಸೂಜಿಗಳು, ಹತ್ತಿಯ ದಾರ, ಬಾಬಿನ್‌ಗಳಿಗೆ ಬದಲಾಗಿ ಹನ್ನೆರಡು ಪೆನ್ಸಿಲ್‌ಗಳಿದ್ದರೆ ಆರು ಜೋಡಿಗಳ ಮೊದಲ ಪಟ್ಟಿಯನ್ನು ಮನೆಯಲ್ಲಿಯೇ ಹೆಣೆಯಬಹುದು. ನೆರೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಆರಂಭಿಸಿದರೆ ಇನ್ನೂ ಉತ್ತಮ.